ಇಪ್ಪತ್ತು ಸೆಕೆಂಡು

ನಾನೂರ ಹನ್ನೊಂದನೆಯ ಸಾಲಿನಲ್ಲಿ ಅವಳದೇ ಮಾತು ಅವಳಿಗಾಗಿ ನಾಲ್ಕು ವರ್ಷದಿಂದ ಕಾದು ಕುಳಿತಿತ್ತು: ತಾತ್ಕಾಲಿಕ, ಆಮೇಲೆ ತೆಗೆಯಬೇಕು. ಮಹಾಪ್ರಬಂಧದ ಕೊನೆಗೆ ಪ್ರೋಗ್ರಾಮನ್ನು ಅನುಬಂಧವಾಗಿ ಸೇರಿಸುವ ಕೆಲಸವೊಂದು ಉಳಿದಿತ್ತು, ಯಾರೂ ಓದದ ಪುಟಗಳು ಅವು. ಬೆಳಿಗ್ಗೆ ಎಂಟೂವರೆಗೆ ಸಂಶೋಧನಾರ್ಥಿಗಳ ಕೋಣೆಯ ಬೀಗ ತೆಗೆದು, ಫ್ಯಾನು ಹಾಕಿ, ಸಾಲುಗಳ ಅಂಚು ಸರಿಮಾಡುತ್ತ, ಊಟದ ಹೊತ್ತಿಗೆ ಎಲ್ಲ ಮುಗಿದೇಹೋಗುತ್ತದೆ ಎಂದು ಒಳಗೊಳಗೇ ಹಿಗ್ಗುತ್ತಿದ್ದಳು. ಆ ಸಾಲು ಕಂಡಾಗ ಮೊದಲು ಬಂದದ್ದು ನಗು. ಹಳೆಯ ಫೋಟೋದಲ್ಲಿ ಎರಡು ಜಡೆಯ ತನ್ನನ್ನೇ ಕಂಡಾಗ ಬರುವಂಥದ್ದು. ನಗು ಮುಗಿಯುವ ಮೊದಲೇ ಕಣ್ಣು ಕೆಳಗೆ ಜಾರಿತು. ಅದರ ಕೆಳಗಿನ ಸಾಲಿನಲ್ಲಿ ಒಂದು ಸಣ್ಣ ಅಂಕಿ ಇತ್ತು, ಸೊನ್ನೆ ದಶಾಂಶ ಸೊನ್ನೆ ಮೂರು. ಅದು ಇನ್ನೂ ಕೆಲಸ ಮಾಡುತ್ತಿತ್ತು.

ದೊಡ್ಡ ಕೊಳವೆಯಲ್ಲಿ ಓಡುವ ನೀರನ್ನು ತಟ್ಟನೆ ತಡೆದರೆ ಅದು ಸುಮ್ಮನೆ ನಿಲ್ಲುವುದಿಲ್ಲ, ಹಿಂದಕ್ಕೆ ಒದೆಯುತ್ತದೆ. ಆ ಒದೆತ ಅಲೆಯಾಗಿ ಕೊಳವೆಯ ಈ ತುದಿಯಿಂದ ಆ ತುದಿಗೆ ಹೋಗಿ ಮತ್ತೆ ಬಂದು ಕದ ತಟ್ಟುತ್ತದೆ. ವಾಲ್ವನ್ನು ಎಷ್ಟು ಬೇಗ ಮುಚ್ಚಿದರೆ ಒದೆತ ಎಷ್ಟು ಎನ್ನುವುದೊಂದರಲ್ಲೇ ಅವಳ ಐದು ವರ್ಷ ಹೋಗಿತ್ತು. ಮೊದಲ ವರ್ಷ ಅವಳ ಪ್ರೋಗ್ರಾಮು ಒಂದು ನಿಮಿಷವೂ ನೆಟ್ಟಗೆ ನಡೆಯುತ್ತಿರಲಿಲ್ಲ. ಅಂಕಿಗಳು ಮೊದಲು ನಡುಗುತ್ತಿದ್ದವು, ಆಮೇಲೆ ಕುಣಿಯುತ್ತಿದ್ದವು, ಆಮೇಲೆ ಆಕಾಶಕ್ಕೆ ಹಾರಿಬಿಡುತ್ತಿದ್ದವು. ಆಗ ಅವಳು ನೀರಿಗೆ ಒಂದು ಸುಳ್ಳು ಘರ್ಷಣೆಯನ್ನು ಸೇರಿಸಿದಳು. ನಿಜದ ಕೊಳವೆಯಲ್ಲಿ ಇಲ್ಲದ್ದು, ಅಲೆಯ ಬೆನ್ನ ಮೇಲೆ ಕೈಯಿಟ್ಟು ಸಮಾಧಾನ ಮಾಡುವಂಥದ್ದು. ಅಂಕಿಗಳು ಸಾಧುವಾದವು. ಎರಡನೆಯ ವರ್ಷ ಕುಣಿತದ ಮೂಲವನ್ನೇ ಹುಡುಕಿ ಸರಿಪಡಿಸಿದಳು, ಸುಳ್ಳಿನ ಅಗತ್ಯ ಉಳಿಯಲಿಲ್ಲ. ತೆಗೆಯುವುದು ಮಾತ್ರ ಮರೆತುಹೋಯಿತು. ಗಾಯ ಒಣಗಿದ ಮೇಲೂ ಬಟ್ಟೆ ಕಟ್ಟಿಕೊಂಡೇ ಓಡಾಡಿದ ಹಾಗೆ, ಎಂದುಕೊಂಡಳು. ಆದರೆ ಇದು ಹಾಗಲ್ಲ, ಬಟ್ಟೆಯಿಂದ ಯಾರೂ ಸಾಯುವುದಿಲ್ಲ.

ಅಂಕಿಯನ್ನು ಸೊನ್ನೆ ಮಾಡಿ ಮತ್ತೆ ಓಡಿಸಿದಳು. ನಲವತ್ತು ನಿಮಿಷ ಬೇಕು. ಕಂಪ್ಯೂಟರಿನ ಹೊಟ್ಟೆಯೊಳಗಿನ ಸಣ್ಣ ಫ್ಯಾನು ಜೋರಾಯಿತು. ಏನೂ ಆಗಿರಲಿಕ್ಕಿಲ್ಲ, ಸೊನ್ನೆ ದಶಾಂಶ ಸೊನ್ನೆ ಮೂರು ಅಂದರೆ ಎಷ್ಟು ಮಹಾ, ಎಂದು ತನಗೆ ತಾನೇ ಹೇಳಿಕೊಳ್ಳುತ್ತಿರುವಾಗ ಎದುರಿನ ಖಾಲಿ ಕುರ್ಚಿಯ ಮೇಲೆ ಗುಬ್ಬಿ ಬಂದು ಕುಳಿತಳು, ನೆನಪಿನಲ್ಲಿ. ಗುಬ್ಬಿ ಎಂಬುದು ಅವಳೇ ಇಟ್ಟ ಹೆಸರು, ಎರಡು ವರ್ಷ ಕಿರಿಯಳು, ಒಂದು ಕಡೆ ನಿಲ್ಲದವಳು. ಒಂದು ದಿನ ಗುರುವಾರದ ಗೋಷ್ಠಿಯಲ್ಲಿ ಎಲ್ಲರೆದುರು ಗುಬ್ಬಿ ಕೈಯೆತ್ತಿ ಕೇಳಿದ್ದಳು, "ಅಕ್ಕಾ, ನಿಮ್ಮ ಪ್ರೋಗ್ರಾಮಿಗೆ ಘರ್ಷಣೆ ಪೂರ್ತಿ ಸೊನ್ನೆ ಅಂತ ಕೊಟ್ಟು ಓಡಿಸಿದೆ, ಆದ್ರೂ ಅಲೆ ನಿಧಾನಕ್ಕೆ ಸಾಯ್ತಾ ಇದೆ. ಅದನ್ನ ಸಾಯಿಸ್ತಿರೋದು ಯಾರು?" ಕೋಣೆಯಲ್ಲಿ ಎಂಟು ಜನರಿದ್ದರು. ಅವಳು ನಕ್ಕು, "ಮೊದಲು ಎರಡನೇ ಅಧ್ಯಾಯ ಓದ್ಕೊಂಡು ಬಾ, ಆಮೇಲೆ ಕೊಲೆಗಾರರನ್ನ ಹುಡುಕೋಣ" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಗುಬ್ಬಿಯೂ ನಕ್ಕಿದ್ದಳು, ಕಿವಿಗಳು ಮಾತ್ರ ಕೆಂಪಗಾಗಿದ್ದವು. ಮುಂದಿನ ಬೇಸಿಗೆಯಲ್ಲಿ ಸಂಶೋಧನೆ ಬಿಟ್ಟು ಯಾವುದೋ ಶಾಲೆಗೆ ಪಾಠ ಹೇಳಲು ಹೋದಳು. ಹೋಗುವಾಗ ತನ್ನ ಒಳ್ಳೆಯ ಕುರ್ಚಿಯನ್ನು ಇವಳಿಗೇ ಬಿಟ್ಟುಹೋಗಿದ್ದಳು. ಇವಳು ಈಗ ಕುಳಿತಿದ್ದದ್ದು ಅದರ ಮೇಲೆಯೇ. ಎದ್ದು ನಿಂತಳು. ಉಳಿದ ಇಪ್ಪತ್ತಾರು ನಿಮಿಷ ನಿಂತೇ ಇದ್ದಳು.

ಹಳೆಯ ಉತ್ತರ: ಇಪ್ಪತ್ತು ಸೆಕೆಂಡಿನಲ್ಲಿ ಮುಚ್ಚಿದರೆ ಕೊಳವೆಯೊಳಗಿನ ಒತ್ತಡ ಹೆಚ್ಚೆಂದರೆ ಒಂಬತ್ತೂವರೆ. ಕೊಳವೆ ತಡೆಯುವುದು ಹನ್ನೆರಡು. ಹೊಸ ಉತ್ತರ ಹದಿನಾರು. ಅದೂ ಎಲ್ಲೆಂದರಲ್ಲಿ ಅಲ್ಲ, ಆರು ಕಿಲೋಮೀಟರಿನ ಕೊಳವೆಯನ್ನು ಅವಳು ಲೆಕ್ಕಕ್ಕಾಗಿ ನೂರ ನಲವತ್ತು ತುಂಡು ಮಾಡಿದ್ದಳಲ್ಲ, ಅದರಲ್ಲಿ ಎಂಬತ್ತನಾಲ್ಕನೆಯ ತುಂಡಿನಲ್ಲಿ. ಅಲ್ಲಿ ಕೊಳವೆ ತಗ್ಗಿಗಿಳಿದು ತಿರುಗುತ್ತದೆ. ಮೊದಲು ಪರದೆಯ ಮೇಲೆ ಒತ್ತಡದ ಗೆರೆ ಎಷ್ಟು ನಯವಾಗಿತ್ತು! 'ನೋಡಿ, ಗೆರೆ ಅಂದ್ರೆ ಹೀಗಿರ್ಬೇಕು' ಎಂದು ಅವಳ ಮಾರ್ಗದರ್ಶಕರಾದ ಮೇಷ್ಟ್ರು ಅದನ್ನು ಹೊಸಬರಿಗೆಲ್ಲ ತೋರಿಸುತ್ತಿದ್ದರು. ಈಗಿನದು ಗರಗಸದ ಹಲ್ಲಿನಂತಿತ್ತು. ನೀರು ಸರಬರಾಜಿನವರ ಅಳತೆಗೆ ಹೋಲಿಸಿ ನೋಡಿರಲಿಲ್ಲವೇ? ನೋಡಿದ್ದರು, ಚೆನ್ನಾಗಿಯೇ ಹೊಂದಿತ್ತು. ಆದರೆ ಅದು ಕೈಯಲ್ಲಿ ಆರು ನಿಮಿಷ ಚಕ್ರ ತಿರುಗಿಸಿ ಮುಚ್ಚಿದ ದಿನದ ಅಳತೆ. ಅಷ್ಟು ನಿಧಾನಕ್ಕೆ ಮುಚ್ಚಿದರೆ ಯಾವ ಸುಳ್ಳೂ ಹೊರಬೀಳುವುದಿಲ್ಲ. ಎರಡು ವರ್ಷದ ಹಿಂದೆ ಪೇಟೆಯ ಹತ್ತಿರ ಕೊಳವೆಯ ಕೀಲು ಬಿಟ್ಟು, ಕೈಯಲ್ಲಿ ಮುಚ್ಚುವಷ್ಟರಲ್ಲಿ ಅಂಗಡಿಗಳಿಗೆಲ್ಲ ನೀರು ನುಗ್ಗಿದ ಮೇಲೆ ಅವರಿಗೆ ವಾಲ್ವ್ ಮುಚ್ಚಲು ಮೋಟಾರು ಬೇಕೆನಿಸಿತ್ತು. ಎಷ್ಟು ಬೇಗ ಮುಚ್ಚಬಹುದು ಎಂದು ಅವರು ಕೇಳಿದರು, ಇವಳು ಲೆಕ್ಕ ಹಾಕಿದಳು, ಮೇಷ್ಟ್ರು ಸಹಿ ಹಾಕಿದರು. ಆ ಮೋಟಾರು ಇವತ್ತು ಮಧ್ಯಾಹ್ನ ಎರಡು ಗಂಟೆಗೆ ಶುರುವಾಗುತ್ತದೆ. ಗಡಿಯಾರದಲ್ಲಿ ಹತ್ತಕ್ಕೆ ಹತ್ತು ನಿಮಿಷ ಬಾಕಿ ಇತ್ತು.

ಮೇಷ್ಟ್ರು ಯಾವುದೋ ಅರ್ಜಿಗಳಿಗೆ ಸಹಿ ಮಾಡುತ್ತಿದ್ದರು. ಇವತ್ತು ಒಳ್ಳೆಯ ಕೋಟು ಹಾಕಿಕೊಂಡಿದ್ದರು, ಎರಡು ಗಂಟೆಯ ಕಾರ್ಯಕ್ರಮಕ್ಕೆ ಅವರಿಗೂ ಕರೆ ಇತ್ತು. ಅವಳು ನಿಂತುಕೊಂಡೇ ಹೇಳಿದಳು. ಹೇಳುವಾಗ, ಇಂಥದ್ದನ್ನು ಹೇಳುವುದಕ್ಕೆ ಒಂದು ಕ್ರಮವಿರಬೇಕು, ಅದು ತನಗೆ ಗೊತ್ತಿಲ್ಲ ಎನಿಸಿತು. ಮೊದಲು ಹದಿನಾರು ಎಂದಳು, ಆಮೇಲೆ ಯಾಕೆ ಎಂದಳು, ಆಮೇಲೆ ಕ್ಷಮಿಸಿ ಎಂದಳು, ಮತ್ತೆ ಹದಿನಾರು ಎಂದಳು. ಅವರ ಪೆನ್ನು ಒಂದು ಅರ್ಜಿಯ ಮೇಲೆ ಅರ್ಧ ಸಹಿಗೆ ನಿಂತಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಅವರ ಮುಖವನ್ನು ಅವಳು ಒಂದೇ ಸಲ ನೋಡಿದ್ದಳು, ಮೊದಲ ಲೇಖನ ಒಪ್ಪಿಗೆಯಾದ ದಿನ, ಅವಳಿಗೆ ಕಾಫಿ ಕೊಡಿಸಿ ತಮ್ಮ ಕಣ್ಣೊರೆಸಿಕೊಂಡಾಗ.

"ಯಾರಿಗಾದ್ರೂ ಹೇಳಿದ್ಯಾ?" ಎಂದರು.

"ಇಲ್ಲ ಸರ್. ನಿಮ್ಮ ಹತ್ರಾನೇ ಮೊದಲು."

"ಹೇಳ್ಬೇಡ ಅಂತಲ್ಲ." ಅವರು ಅರ್ಧ ಸಹಿಯನ್ನು ಪೂರ್ತಿ ಮಾಡಿದರು. "ಆದ್ರೆ ಯೋಚನೆ ಮಾಡು. ಒಂದು ತಪ್ಪು ನಾಲ್ಕು ವರ್ಷ ನಿನ್ನ ಕಣ್ಣಿಗೆ ಬೀಳ್ಲಿಲ್ಲ. ಇವತ್ತು ಬೆಳಿಗ್ಗೆ ಗಡಿಬಿಡೀಲಿ ಮಾಡಿದ ಈ ಹೊಸ ಲೆಕ್ಕದಲ್ಲಿ ಇನ್ನೊಂದು ಇಲ್ಲ ಅಂತ ಹೇಗೆ ಹೇಳ್ತೀಯ?"

ಅವಳು ಮೇಜಿನ ಮೇಲಿನ ಕನ್ನಡಕವನ್ನು ನೋಡಿದಳು.

"ಸೋಮವಾರ ಕೂತು ನೋಡೋಣ. ಸಾಲು ಸಾಲೂ ನೋಡೋಣ."

"ಸರ್, ಇವತ್ತೇ ಮುಚ್ತಾರೆ."

"ಅವರೂ ಇಂಜಿನಿಯರುಗಳೇ ಅಲ್ವೇನಮ್ಮ? ಎಲ್ಲೋ ಇಬ್ಬರು ಲೆಕ್ಕದವರು ಹೇಳಿದ್ರು ಅಂತ ಹಾಗೇ ಇಟ್ಬಿಡ್ತಾರಾ? ನಾವು ಇಪ್ಪತ್ತು ಅಂದ್ರೆ ಅವರು ನಲವತ್ತು, ಅರವತ್ತು ಇಟ್ಕೊಂಡಿರ್ತಾರೆ. ಅವರ ಕಸುಬು ಅದು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ಸುಲಭವಿತ್ತು. ಕನ್ನಡಕ ಹಾಕಿಕೊಳ್ಳುವಾಗ ಅದರ ಕಡ್ಡಿ ಕಿವಿಯನ್ನು ತಪ್ಪಿಸಿಕೊಂಡು ಎರಡು ಸಲ ಕೆನ್ನೆಗೆ ಚುಚ್ಚಿತು. ಅವಳು ಅದನ್ನು ನೋಡಿದಳು, ನೋಡಬಾರದಿತ್ತು ಎನಿಸಿತು. ಮುಂದಿನ ವರ್ಷ ಅವರ ನಿವೃತ್ತಿ. "ಮನೆಗೆ ಹೋಗು. ಊಟ ಮಾಡಿ ಮಲಗು. ಮುಖ ನೋಡ್ಕೊಂಡಿದ್ಯಾ ಕನ್ನಡೀಲಿ?"

ಮೊಗಸಾಲೆಯಲ್ಲಿ ನಿಂತು ಸರಬರಾಜು ಕಚೇರಿಗೆ ಫೋನು ಮಾಡಿದಳು. "ಸಾಹೇಬ್ರು ಸೈಟಿಗೆ ಹೋಗಿದಾರೆ, ಮಧ್ಯಾಹ್ನ ಕಾರ್ಯಕ್ರಮ ಇದೆಯಲ್ಲ," ಎಂದಿತು ಒಂದು ಹೆಣ್ಣು ದನಿ, ಬಾಯಲ್ಲಿ ಏನನ್ನೋ ಜಗಿಯುತ್ತ. "ಯಾರು ಅಂತ ಹೇಳ್ಲಿ?" ಯಾರು ಎಂದು ಹೇಳಬೇಕು? ಅವಳು ಫೋನು ಇಟ್ಟುಬಿಟ್ಟಳು. ಇಟ್ಟ ಮೇಲೆ, ತಾನು ಇಟ್ಟದ್ದು ಸಾಹೇಬರು ಇಲ್ಲವೆಂದಲ್ಲ, ಹೆಸರು ಕೇಳಿದರೆಂದು, ಎಂಬುದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಶೌಚಾಲಯಕ್ಕೆ ಹೋದಳು. ನಲ್ಲಿ ತಿರುಗಿಸಿ ಮುಖ ತೊಳೆದು, ನಲ್ಲಿ ನಿಲ್ಲಿಸುವಾಗ ಕೈ ತನ್ನಷ್ಟಕ್ಕೆ ತಾನೇ ನಿಧಾನ ಮಾಡಿತು.

ಮನೆಗೆ ಹೋಗುವ ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಹತ್ತಲಿಲ್ಲ. ಮೂರನೆಯದು ನದಿಯ ಕಡೆಗೆ ಹೋಗುವುದು. ಅದನ್ನು ಹತ್ತುವ ಹೊತ್ತಿಗೆ ಹನ್ನೊಂದೂಮುಕ್ಕಾಲು ಆಗಿತ್ತು, ನಡುವಿನ ಸಮಯ ಎಲ್ಲಿ ಹೋಯಿತೋ ತಿಳಿಯದು. ಕಿಟಕಿಯ ಪಕ್ಕ ಕುಳಿತು, ಮೇಷ್ಟ್ರು ಹೇಳಿದ್ದು ಸರಿಯಿರಬಹುದು, ಅರವತ್ತು ಇಟ್ಟಿರಬಹುದು, ತಾನು ಅಲ್ಲಿ ಹೋಗಿ ಕೂಗಾಡಿ ನಗೆಪಾಟಲಾಗಿ ಬರಬಹುದು, ನಗೆಪಾಟಲಾದರೆ ಎಷ್ಟು ಚೆನ್ನ, ಎಂದು ಪ್ರಾರ್ಥನೆಯಂತೆ ಹೇಳಿಕೊಳ್ಳುತ್ತಿದ್ದಳು. ಹಾಗೆಯೇ ಇನ್ನೊಂದು ಯೋಚನೆಯೂ ಮೆಲ್ಲಗೆ ಬಂದು ಪಕ್ಕದಲ್ಲಿ ಕುಳಿತುಕೊಂಡಿತು. ಒಡೆದರೂ ಯಾರಿಗೆ ಗೊತ್ತಾಗುತ್ತದೆ? ಹಳೆಯ ಕೊಳವೆ ಎಂದುಕೊಳ್ಳುತ್ತಾರೆ. ನಾನೂರ ಹನ್ನೊಂದನೆಯ ಸಾಲನ್ನು ಅಳಿಸಲು ಒಂದು ಬೆರಳು ಸಾಕು. ಆ ಯೋಚನೆಗೆ ಅವಳು ಬೆಚ್ಚಲಿಲ್ಲ. ಬೆಚ್ಚಲಿಲ್ಲವಲ್ಲ ಎಂದು ಬೆಚ್ಚಿದಳು. ಅಷ್ಟರಲ್ಲಿ ಅಕ್ಕನ ಫೋನು. ಅವಳಿರುವುದು ಅಕ್ಕನ ಮನೆಯಲ್ಲೇ, ಐದು ವರ್ಷದಿಂದ, ಹೊಲಿಗೆ ಯಂತ್ರದ ಕೋಣೆಯಲ್ಲಿ.

"ಕೊಟ್ಯೇನೇ ಪುಸ್ತಕಾನ?" ಅಕ್ಕ ಮಹಾಪ್ರಬಂಧಕ್ಕೆ ಹೇಳುವುದೇ ಪುಸ್ತಕ ಎಂದು. "ಪಕ್ಕದ ಮನೆಯವರಿಗೆ ಆಗ್ಲೇ ಹೇಳ್ಬಿಟ್ಟಿದೀನಿ ಕಣೇ, ನನ್ನ ತಂಗಿ ಇನ್ನು ಡಾಕ್ಟರು ಅಂತ. ಅವರತ್ತೆ ಮಂಡಿ ತೋರಿಸ್ಕೊಂಡು ಹೋಗೋಕೆ ಬರ್ತಾರಂತೆ. ಏನು ಹೇಳ್ಲಿ? ಬನ್ನಿ ಅಂದೆ. ನೀನೇ ಏನಾದ್ರೂ ಕೂಡಿ ಕಳೆದು ಕಳ್ಸು."

"ಅಕ್ಕಾ."

"ಯಾಕೇ, ಏನಾಯ್ತು?"

"ಅಕ್ಕಾ, ಅದು ಮುಗಿಯಲ್ಲ ಅನ್ಸುತ್ತೆ. ನಾನೊಂದು ದೊಡ್ಡ ತಪ್ಪು ಮಾಡಿದೀನಿ."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಅಕ್ಕ ಏನು ತಪ್ಪು ಎಂದು ಕೇಳಲಿಲ್ಲ. ಕೇಳಿದರೆ ತನಗೆ ಅರ್ಥವಾಗುವುದಿಲ್ಲ ಎಂದು ಹೆದರಿದಳೋ, ಅರ್ಥವಾಗಿಬಿಡುತ್ತದೆ ಎಂದು ಹೆದರಿದಳೋ. ಅದರ ಬದಲು, "ಏನಾದ್ರೂ ತಿಂದ್ಯಾ?" ಎಂದಳು.

ತಗ್ಗಿನ ರಸ್ತೆಯ ನಿಲ್ದಾಣದಲ್ಲಿ ಬಸ್ಸು ನಿಂತಾಗ ಅವಳು ಇಳಿದುಬಿಟ್ಟಳು. ಇಳಿಯಬೇಕೆಂದಿರಲಿಲ್ಲ, ವಾಲ್ವಿನ ಮನೆ ಇನ್ನೂ ಎರಡೂವರೆ ಕಿಲೋಮೀಟರು ಮುಂದೆ. ಆದರೆ ನಕ್ಷೆ ಅವಳಿಗೆ ಬಾಯಿಪಾಠ, ಇದೇ ಎಂಬತ್ತನಾಲ್ಕು. ಐದು ವರ್ಷದಲ್ಲಿ ಇಲ್ಲಿಗೆ ಒಮ್ಮೆಯೂ ಬಂದಿರಲಿಲ್ಲ. ಎಂಬತ್ತನಾಲ್ಕು ಅಂದರೆ ಕಾಗದದ ಮೇಲೊಂದು ಚುಕ್ಕೆ, ಅದಕ್ಕೆ ಎತ್ತರವೊಂದು, ಒತ್ತಡವೊಂದು, ವೇಗವೊಂದು. ಈಗ ನೋಡಿದರೆ ಎಂಬತ್ತನಾಲ್ಕಕ್ಕೆ ತಗಡಿನ ಚಾವಣಿ ಇತ್ತು. ಅದರ ಕೆಳಗೆ ಒಬ್ಬ ಹೆಂಗಸು ಇಸ್ತ್ರಿ ಮಾಡುತ್ತಿದ್ದಳು, ಬಿಳಿ ಅಂಗಿಗಳ ರಾಶಿ, ಗೋಡೆಗೆ ಒರಗಿಸಿದ ಒಂದು ಸೈಕಲ್ಲು, ಸ್ಟೂಲಿನ ಮೇಲೆ ಮುಚ್ಚಿಟ್ಟ ಲೋಟ. ಅಂಗಡಿಯೆದುರು ರಸ್ತೆಯಲ್ಲಿ ದುಂಡನೆಯ ಕಬ್ಬಿಣದ ಮುಚ್ಚಳ, ನೀರು ಸರಬರಾಜಿನ ಗುರುತಿನದು.

"ಏನ್ ಬೇಕಮ್ಮಾ?"

"ಏನೂ ಇಲ್ಲ. ಇಲ್ಲಿ ಕೆಳಗೆ ದೊಡ್ಡ ಪೈಪಿದೆ, ಗೊತ್ತಾ ನಿಮ್ಗೆ?"

"ಗೊತ್ತಿಲ್ದೇ ಏನು, ಹಗಲೂ ರಾತ್ರಿ ಗುರ್ ಅಂತಿರುತ್ತೆ. ನಮ್ಮೆಜಮಾನ್ರ ಗೊರಕೆಗಿಂತ ವಾಸಿ ಬಿಡು." ಹೆಂಗಸು ಅಂಗಿಯ ಕಾಲರಿಗೆ ನೀರು ಚಿಮುಕಿಸಿ ಒತ್ತಿದಳು, ಆವಿ ಎದ್ದಿತು. ಅವಳು ಆ ಆವಿಯನ್ನೇ ನೋಡುತ್ತ ನಿಂತಳು. ಹದಿನಾರು ಅಂದರೆ ಈ ಮುಚ್ಚಳ ಮೊದಲು ಏಳುತ್ತದೆ, ಆಮೇಲೆ ರಸ್ತೆ. ರಸ್ತೆ ಎದ್ದದ್ದನ್ನು ಅವಳು ಎಂದೂ ನೋಡಿಲ್ಲ, ಅದರ ಲೆಕ್ಕ ಅವಳಿಗೆ ಬರುವುದೂ ಇಲ್ಲ.

"ಎರಡು ಗಂಟೆಗೆ ಸ್ವಲ್ಪ ಅಂಗಡಿ ಮುಚ್ತೀರಾ?" ಎಂದು ಕೇಳಿದಳು. ದನಿ ಎಲ್ಲಿಂದಲೋ ಬಂದಂತಿತ್ತು.

"ಯಾಕೆ? ನೀನು ಬಂದು ಇಸ್ತ್ರಿ ಮಾಡ್ಕೊಡ್ತೀಯಾ? ಸಂಜೆಗೆ ಇಪ್ಪತ್ತೆಂಟು ಅಂಗಿ ಕೊಡ್ಬೇಕು ನಾನು." ಹೆಂಗಸು ತಲೆಯೆತ್ತಿ ಇವಳ ಮುಖ ನೋಡಿದಳು, ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ಏನಮ್ಮಾ, ಹುಷಾರಿಲ್ವಾ? ನೀರು ಕುಡೀತೀಯಾ?" ಲೋಟದ ಮುಚ್ಚಳ ತೆಗೆದು ಕೊಟ್ಟಳು. ಅವಳು ಕುಡಿದಳು. ಕೊಳವೆಯ ನೀರೇ ಇರಬೇಕು. ಲೋಟವನ್ನು ಸ್ಟೂಲಿನ ಮೇಲಿಟ್ಟು ರಸ್ತೆಗೆ ಬಂದು, ಮೊದಲು ಬೇಗ ಬೇಗ ನಡೆದಳು, ಆಮೇಲೆ ಓಡಿದಳು. ಎಂಬತ್ತೈದು, ಎಂಬತ್ತಾರು, ಎಂಬತ್ತೇಳು. ಎಂಬತ್ತೊಂಬತ್ತರಲ್ಲಿ ಶಾಲೆಯ ಗೋಡೆ. ತೊಂಬತ್ತಮೂರರಲ್ಲಿ ಒಬ್ಬ ಮುದುಕ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಎಲ್ಲ ತುಂಡುಗಳಲ್ಲೂ ಯಾರೋ ಇದ್ದರು.

ವಾಲ್ವಿನ ಮನೆ ಅಂದರೆ ಒಂದೇ ಕೋಣೆ. ಹಸಿರು ಬಣ್ಣದ ಬಾಗಿಲು, ಗ್ರೀಸಿನ ವಾಸನೆ, ನೆಲದಿಂದ ಎದೆಯ ಎತ್ತರಕ್ಕೆ ಎದ್ದ ಕೊಳವೆ, ಅದರ ಮೇಲೊಂದು ದೊಡ್ಡ ಕಬ್ಬಿಣದ ಚಕ್ರ. ಚಕ್ರದ ಪಕ್ಕದಲ್ಲಿ ಹೊಸ ಮೋಟಾರು, ಮೈಮೇಲಿನ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ. ಹೊರಗೆ ಬಾಡಿಗೆ ಕುರ್ಚಿಗಳನ್ನು ಇಳಿಸುತ್ತಿದ್ದರು. ವಾಲ್ವ್ ಆಪರೇಟರು ಐವತ್ತೆಂಟರ ಆಸುಪಾಸಿನ ಮನುಷ್ಯ, ದಪ್ಪ ಕನ್ನಡಕ, ಬಲದ ತೋಳು ಎಡದ್ದಕ್ಕಿಂತ ಒಂದು ಸುತ್ತು ಹೆಚ್ಚು. ಅಳತೆಯ ದಿನ ಬಂದಾಗ ಅವಳನ್ನು ನೋಡಿದ್ದ.

"ಬನ್ನಿ ಬನ್ನಿ, ಲೆಕ್ಕದಮ್ಮ! ನಿಮ್ಮ ದಯೆಯಿಂದ ನನ್ನ ತೋಳಿಗೆ ಇವತ್ತಿಂದ ರಜೆ. ಏನು, ಓಡ್ಕೊಂಡು ಬಂದ್ರಾ?"

ಅವಳ ಕಣ್ಣು ಮೋಟಾರಿನ ಪೆಟ್ಟಿಗೆಯ ಮೇಲೆ ಅಂಟಿಸಿದ ಚೀಟಿಗೆ ಹೋಯಿತು. ಮುಚ್ಚುವ ಅವಧಿ: ಇಪ್ಪತ್ತು ಸೆಕೆಂಡು. ನಲವತ್ತಲ್ಲ, ಅರವತ್ತಲ್ಲ. ಕೆಳಗೆ ಮೇಷ್ಟ್ರ ಪತ್ರದ ಸಂಖ್ಯೆ, ದಿನಾಂಕ.

"ಯಜಮಾನ್ರೇ, ಇದಕ್ಕೆ ಮೇಲೆ ಏನಾದ್ರೂ ಸೇರಿಸಿದಾರಾ? ಅಂದ್ರೆ, ಇರಲಿ ಅಂತ ಸ್ವಲ್ಪ ಜಾಸ್ತಿ?"

"ಸಾಹೇಬ್ರು ಮೊದಲು ನಲವತ್ತು ಇಡೋಣ ಅಂತಿದ್ರು. ಆಮೇಲೆ ನಿಮ್ಮ ಪತ್ರ ನೋಡಿ, ಇಷ್ಟು ಕರಾರುವಾಕ್ಕಾಗಿ ಮಾಡ್ಕೊಟ್ಟಿದಾರೆ, ಇದರಲ್ಲೇ ಎಲ್ಲ ಸೇರಿಸಿರ್ತಾರೆ ಬಿಡು ಅಂದ್ರು."

ಅವಳು ಕೊಳವೆಗೆ ಕೈ ಊರಿದಳು. ತಣ್ಣಗಿತ್ತು, ಒಳಗೆ ನೀರು ಓಡುವುದು ಅಂಗೈಗೆ ಗೊತ್ತಾಗುತ್ತಿತ್ತು. ಹೇಳಿದಳು. ಈ ಸಲವೂ ಕ್ರಮವಿಲ್ಲದೆಯೇ ಹೇಳಿದಳು, ಸುಳ್ಳು ಘರ್ಷಣೆ, ನಾಲ್ಕು ವರ್ಷ, ಹದಿನಾರು. ಅವನು ಮಧ್ಯೆ ಒಂದೇ ಪ್ರಶ್ನೆ ಕೇಳಿದ, "ಹದಿನಾರು ಅಂದ್ರೆ ಹದಿನಾರು ಕೆಜೀನಾ?" ಇಲ್ಲಿ ಒತ್ತಡವನ್ನು ಅಳೆಯುವುದು ಕೆಜಿಯಲ್ಲಿ. ಹೌದು ಎಂದಳು. ಅವನು ಗೋಡೆಯ ಮೇಲಿನ ಗೇಜನ್ನು ನೋಡಿದ. ಅದರಲ್ಲಿ ಹದಿನಾರು ಎನ್ನುವ ಅಂಕಿಯೇ ಇರಲಿಲ್ಲ, ಹದಿನಾಲ್ಕಕ್ಕೆ ಮುಗಿದಿತ್ತು.

"ಇಪ್ಪತ್ತು ಅಂದಾಗ ನನ್ಗೂ ಯಾಕೋ ಸರಿ ಕಾಣ್ಲಿಲ್ಲ," ಎಂದ. "ಮೂವತ್ತು ವರ್ಷ ಇದನ್ನ ತಿರುಗಿಸಿದೀನಿ. ಕೊನೇ ಆರು ಸುತ್ತು ಇದೆ ನೋಡಿ, ಅಲ್ಲಿ ಅವಸರ ಮಾಡಿದ್ರೆ ಚಕ್ರ ಕೈಗೆ ತಿರುಗಿ ಹೊಡಿಯುತ್ತೆ. ಸಾಹೇಬ್ರಿಗೆ ಹೇಳ್ದೆ. ಯಜಮಾನ್ರೇ, ಇದು ಗಣಿತ ಅಂದ್ರು. ಗಣಿತ ಅಂದ್ಮೇಲೆ ನಾನೇನು ಹೇಳ್ಲಿ?"

"ನಿಲ್ಲಿಸ್ತೀರಾ?"

"ಬಾಯಿಮಾತಿಗೆ ನಾನು ಕೈ ಹಾಕೋ ಹಾಗಿಲ್ಲಮ್ಮ. ಪೆನ್ಷನ್ನಿಗೆ ಎರಡೇ ವರ್ಷ ಇದೆ." ಕಪಾಟಿನಿಂದ ಉದ್ದನೆಯ ರಿಜಿಸ್ಟರು ತೆಗೆದು ಕೊಳವೆಯ ಮೇಲೆ ಬಿಡಿಸಿಟ್ಟ. ಸಮಯ, ಒತ್ತಡ, ಏನು ಮಾಡಿದ್ದು, ಕಾರಣ, ಸಹಿ. "ಇಲ್ಲಿ ಬರೀರಿ. ಬರೆದ್ರೆ ನಾನು ಮೋಟಾರಿನ ಫ್ಯೂಸ್ ತೆಗೆದು ಜೇಬಿಗೆ ಹಾಕ್ಕೋತೀನಿ. ಆಮೇಲೆ ಬಂದವರು ನಿಮ್ಮನ್ನ ಕೇಳ್ಲಿ."

ಅವಳು ಪೆನ್ನು ತೆಗೆದುಕೊಂಡಳು. ಬರೆದಳು: ಪೂರ್ವದ ಗಣನೆಗಳಲ್ಲಿ ಕೆಲವು ಅಂಶಗಳ ಮರುಪರಿಶೀಲನೆ ಅಗತ್ಯವೆಂದು ಕಂಡುಬಂದಿರುವುದರಿಂದ. ಅಷ್ಟು ಬರೆದದ್ದೇ ತಡ ಎದೆ ಹಗುರಾಯಿತು, ಐದು ವರ್ಷ ಬರೆದ ಭಾಷೆ ಅದು, ಎಲ್ಲಿಂದ ಹಿಡಿದರೂ ಕೈಗೆ ಅಂಟುವುದಿಲ್ಲ. ಅವನು ಕನ್ನಡಕ ಮೇಲೇರಿಸಿ ಬಗ್ಗಿ ಓದಿದ.

"ಇದ್ರಲ್ಲಿ ತಪ್ಪು ಮಾಡಿದ್ದು ಯಾರು ಅಂತಾನೇ ಇಲ್ವಲ್ಲ. ನೀರು ತಾನಾಗೇ ಮಾಡ್ತಾ?"

ಅವಳು ಮತ್ತೊಮ್ಮೆ ಆ ಸಾಲನ್ನು ಓದಿದಳು.

"ನೀವು ಹೀಗೆ ಬರೆದ್ರೆ ನಾಳೆ ಅವರು ನನ್ನನ್ನೇ ಹಿಡ್ಕೋತಾರಮ್ಮ. ಮುದುಕ ಮೋಟಾರು ಬೇಡ ಅಂತಿದ್ದ, ಏನೋ ಕಿತಾಪತಿ ಮಾಡ್ದ ಅಂತಾರೆ." ಅವನು ಬೈಯುತ್ತಿರಲಿಲ್ಲ, ಇದ್ದದ್ದನ್ನು ಹೇಳುತ್ತಿದ್ದ.

ಅವಳು ಸಾಲನ್ನು ಹೊಡೆದುಹಾಕಿದಳು. ಹೊರಗೆ ಯಾರೋ ಕುರ್ಚಿ ಎಳೆದ ಸದ್ದು. ಗುಬ್ಬಿಯಾಗಿದ್ದರೆ ಹೇಗೆ ಬರೆಯುತ್ತಿದ್ದಳು? ಹಾಗೆಯೇ ಬರೆದಳು: ಇಪ್ಪತ್ತು ಸೆಕೆಂಡು ಎಂದು ಲೆಕ್ಕ ಮಾಡಿದವಳು ನಾನು. ಅದು ತಪ್ಪು. ಇಪ್ಪತ್ತರಲ್ಲಿ ಮುಚ್ಚಿದರೆ ಕೊಳವೆ ಒಡೆಯಬಹುದು. ತಪ್ಪು ನನ್ನದು, ಇದಕ್ಕೂ ಆಪರೇಟರಿಗೂ ಸಂಬಂಧವಿಲ್ಲ. ಒಂದೊಂದು ಅಕ್ಷರವೂ ಮಗ್ಗಿ ಕಲಿಯುವ ಮಕ್ಕಳ ಅಕ್ಷರದಂತೆ ದಪ್ಪ ದಪ್ಪ ಬಿದ್ದಿತು.

"ಹಾಗಾದ್ರೆ ಎಷ್ಟು ಇಡ್ಬೇಕು? ಅದನ್ನೂ ಬರೀರಿ."

ಎಪ್ಪತ್ತು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಬೆಳಿಗ್ಗೆ ಗೆರೆಯ ಮೇಲೆ ಕಣ್ಣಳತೆಯಲ್ಲಿ ನೋಡಿ ಸುಮಾರು ಎಪ್ಪತ್ತು ಎಂದುಕೊಂಡಿದ್ದಳು. ಹೇಳಿದರೆ ಈ ಮನುಷ್ಯ ನಂಬುತ್ತಾನೆ. ಚೀಟಿ ಕಿತ್ತು ಇನ್ನೊಂದು ಚೀಟಿ ಅಂಟಿಸುತ್ತಾರೆ. ಕಾರ್ಯಕ್ರಮ ನಡೆಯುತ್ತದೆ, ಎಲ್ಲರ ಮಾನ ಉಳಿಯುತ್ತದೆ. "ನಂಗೆ ಗೊತ್ತಿಲ್ಲ," ಎಂದಳು. ಐದು ವರ್ಷದಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ ನೆನಪೇ ಅವಳಿಗಿರಲಿಲ್ಲ. "ಎಷ್ಟು ಅಂತ ಇನ್ನೂ ಗೊತ್ತಿಲ್ಲ ಯಜಮಾನ್ರೇ. ಗೊತ್ತಾಗೋವರೆಗೂ ನೀವು ಕೈಯಲ್ಲೇ ಮುಚ್ಬೇಕು."

"ಅದನ್ನೂ ಬರೀರಿ ಮತ್ತೆ," ಎಂದು ಅವನು ಪೆಟ್ಟಿಗೆಯ ಬಾಗಿಲು ತೆರೆದು, ಫ್ಯೂಸನ್ನು ಒಂದೇ ಸಲಕ್ಕೆ ಎಳೆದು, ಅಂಗಿಯ ಜೇಬಿಗೆ ಹಾಕಿಕೊಂಡ. ಪೆನ್ನಿನ ಪಕ್ಕದಲ್ಲಿ ಅದು ಒಂದು ಬಿಳಿಯ ಪೆಪ್ಪರ್‌ಮೆಂಟಿನ ಹಾಗೆ ಕಾಣುತ್ತಿತ್ತು. "ಕೂತ್ಕೊಳ್ಳಿ. ನಿಂತಿದ್ರೂ ಬೈತಾರೆ, ಕೂತಿದ್ರೂ ಬೈತಾರೆ. ಕೂತು ಬೈಸ್ಕೊಂಡ್ರೆ ಕಾಲಾದ್ರೂ ನೋಯಲ್ಲ."

ಅವಳು ಸ್ಟೂಲಿನ ಮೇಲೆ ಕುಳಿತಳು. ಹೆದರಿಕೆ ಹೋಗಿರಲಿಲ್ಲ. ಹೇಳಿಬಿಟ್ಟರೆ ಹೋಗುತ್ತದೆ ಎಂದು ಅವಳು ಎಲ್ಲೋ ಓದಿದ್ದಳು ಅಥವಾ ತಾನೇ ಅಂದುಕೊಂಡಿದ್ದಳು. ಅದು ಇನ್ನೂ ದೊಡ್ಡದಾಗಿ, ಕೋಣೆಯ ಎಲ್ಲ ಮೂಲೆಗಳಿಗೂ ತಲುಪಿತ್ತು. ಎರಡಕ್ಕೆ ಹದಿನೈದು ನಿಮಿಷವಿರುವಾಗ ಎರಡು ವಾಹನಗಳು ಬಂದವು. ಸಾಹೇಬರು, ಅಂದರೆ ಸರಬರಾಜಿನ ಇಂಜಿನಿಯರು, ಮುಂದೆ ಬಂದರು. ಅವರ ಹಿಂದೆ ಮೂವರು ಅತಿಥಿಗಳು, ಕೊನೆಯಲ್ಲಿ ಒಳ್ಳೆಯ ಕೋಟಿನ ಮೇಷ್ಟ್ರು. ಎಲ್ಲರೂ ಒಳಗೆ ಬಂದು, ಮೋಟಾರನ್ನು ಚೆನ್ನಾಗಿ ನೋಡಬೇಕೆಂದು ಕೊಳವೆಯ ಸುತ್ತ ಒತ್ತಾಗಿ ನಿಂತರು. ಒಬ್ಬ ಅತಿಥಿ ಕೊಳವೆಗೆ ಮೊಣಕೈ ಊರಿದ. ಮೇಷ್ಟ್ರು ಇವಳನ್ನು ನೋಡಿದರು, ನೋಡದವರಂತೆ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು.

ಆಪರೇಟರು ಏನೂ ಹೇಳದೆ ರಿಜಿಸ್ಟರನ್ನು ಇಂಜಿನಿಯರ ಕೈಗಿತ್ತ. ಅವರು ಓದಿದರು. ಮತ್ತೊಮ್ಮೆ ಓದಿದರು. "ಏನ್ರೀ ಇದು? ಯಾರು ಬರೆದಿದ್ದು? ಮೇಷ್ಟ್ರೇ, ಇವರು ನಿಮ್ಮ ಸ್ಟೂಡೆಂಟ್ ಅಲ್ವಾ?"

ಮೇಷ್ಟ್ರು ಎರಡು ಹೆಜ್ಜೆ ಮುಂದೆ ಬಂದು ಇಂಜಿನಿಯರ ಭುಜದ ಮೇಲೆ ಕೈಯಿಟ್ಟರು. "ನನ್ನ ಸ್ಟೂಡೆಂಟೇ. ಪ್ರಬಂಧ ಕೊಡೋ ಹೊತ್ತು ನೋಡಿ, ಮಕ್ಕಳಿಗೆ ತಲೆ ಕೆಟ್ಟುಹೋಗಿರುತ್ತೆ. ಮೂರು ದಿನದಿಂದ ನಿದ್ದೆ ಮಾಡಿಲ್ಲ ಇವಳು. ನಾನೇ ಮನೆಗೆ ಹೋಗು ಅಂದಿದ್ದೆ." ದನಿಯಲ್ಲಿ ಎಂಥ ವಾತ್ಸಲ್ಯವಿತ್ತೆಂದರೆ ಒಂದು ಕ್ಷಣ ಅವಳಿಗೇ ಅದು ನಿಜವಿರಬಹುದು ಎನಿಸಿತು. ಎದ್ದು, ತಲೆ ತಗ್ಗಿಸಿ, ಹೌದು ಎಂದು ಹೊರಗೆ ನಡೆದುಬಿಟ್ಟರೆ ಸಾಕು. ಅತಿಥಿಗಳು ಕರುಣೆಯಿಂದ ದಾರಿ ಬಿಡಲು ಆಗಲೇ ಸರಿಯತೊಡಗಿದ್ದರು.

"ನಿನ್ನೆ ಚೆನ್ನಾಗಿ ನಿದ್ದೆ ಮಾಡಿದೀನಿ ಸರ್," ಎಂದಳು. ಸ್ಟೂಲಿನಿಂದ ಏಳಲಿಲ್ಲ. "ಲೆಕ್ಕ ನ‌ನ್ನದೇ. ತಪ್ಪಿದೆ. ಬೆಳಿಗ್ಗೆ ಸರ್‌ಗೆ ಹೇಳಿದೀನಿ."

ಇಂಜಿನಿಯರು ರಿಜಿಸ್ಟರಿನಿಂದ ತಲೆಯೆತ್ತಿದರು, ಕೇಳಿದ್ದು ಇವಳನ್ನು. "ಎಷ್ಟಕ್ಕೆ ಹೋಗುತ್ತೆ ಅಂತೀರಾ?"

"ಹದಿನಾರು ಕೆಜಿ."

ಮುಂದಿನದು ಒಂದು ಕ್ಷಣದಲ್ಲಿ ಆಗಿಹೋಯಿತು. ಮೊಣಕೈ ಊರಿದ್ದ ಅತಿಥಿ ಕೈ ಹಿಂದೆಗೆದ. ಮೂವರೂ ಯಾರೂ ಹೇಳದೆಯೇ ಕೊಳವೆಯಿಂದ ಹಿಂದಕ್ಕೆ ಸರಿದರು, ಇಂಜಿನಿಯರೂ ಸರಿದರು. ಆದರೆ ಅವಳು ನೆಲವನ್ನೇ ನೋಡುತ್ತಿದ್ದಳು, ಎಲ್ಲರ ಚಪ್ಪಲಿ, ಬೂಟುಗಳು ಅವಳಿಗೆ ಕಾಣುತ್ತಿದ್ದವು. ಅವಳು ಹದಿನಾರು ಎನ್ನುವ ಮಾತಿನ ಅರ್ಧದಲ್ಲಿರುವಾಗಲೇ, ಅವರೆಲ್ಲರಿಗಿಂತ ಮೊದಲು ಹಿಂದೆ ಸರಿದದ್ದು ಮೇಷ್ಟ್ರ ಕಾಲು.